ಕೊಲಾಜ್ ಚಿತ್ರದಲ್ಲಿ ದೃಷ್ಟಿಯ ಗತಿ ಮತ್ತು ಲಯ

೧. ಪ್ರಶ್ನೆಯ ಸ್ವರೂಪ

ಬೇರೆ ಬೇರೆ ಕಡೆಗಳಿಂದ ತಂದ ಕಾಗದ, ಬಟ್ಟೆ, ಛಾಯಾಚಿತ್ರ, ಅಚ್ಚಾದ ಅಕ್ಷರ ಮೊದಲಾದವುಗಳ ತುಣುಕುಗಳನ್ನು ಒಂದು ಫಲಕದ ಮೇಲೆ ಅಂಟಿಸಿ ಒಂದೇ ಚಿತ್ರವನ್ನಾಗಿ ನಿಲ್ಲಿಸುವ ಕಲೆಗೆ ಕೊಲಾಜ್ ಎಂದು ಹೆಸರು. ಅಂಟಿಸು ಎಂಬ ಅರ್ಥವುಳ್ಳ ಫ್ರೆಂಚ್ ಕ್ರಿಯಾಪದದಿಂದ ಈ ಶಬ್ದ ಹುಟ್ಟಿದೆ. ಕಾಗದವನ್ನು ಕತ್ತರಿಸಿ ಅಂಟಿಸುವ ಹವ್ಯಾಸ ಬಹು ಹಿಂದಿನದಾದರೂ ಅದು ಆಧುನಿಕ ಚಿತ್ರಕಲೆಯ ಒಂದು ಗಂಭೀರ ಮಾರ್ಗವೆನಿಸಿದ್ದು ೧೯೧೨ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಪಾಬ್ಲೊ ಪಿಕಾಸೊ ಅವರು ಅಂಡಾಕಾರದ ಒಂದು ಚಿಕ್ಕ ಚಿತ್ರದಲ್ಲಿ ಕುರ್ಚಿಯ ಬೆತ್ತದ ಹೆಣಿಗೆಯನ್ನು ಕುಂಚದಿಂದ ಬರೆಯುವುದಕ್ಕೆ ಬದಲಾಗಿ, ಅಂಥ ಹೆಣಿಗೆಯ ಮಾದರಿಯನ್ನು ಅಚ್ಚೊತ್ತಿದ್ದ ಮೇಣಬಟ್ಟೆಯ ತುಂಡೊಂದನ್ನೇ ಅಂಟಿಸಿದರು. ಸುತ್ತಲೂ ಚೌಕಟ್ಟಿನ ಸ್ಥಾನದಲ್ಲಿ ಹಗ್ಗವನ್ನು ಬಿಗಿದರು. ಅಲ್ಲಿಂದ ಮುಂದೆ ಈ ಮಾರ್ಗವು ಯೂರೋಪು, ಅಮೆರಿಕ, ಭಾರತಗಳಲ್ಲಿ ಹಲವು ಕವಲುಗಳಾಗಿ ಬೆಳೆದಿದೆ.

ಕುಂಚದಿಂದ ಬರೆದ ಚಿತ್ರಕ್ಕೆ ಹುಟ್ಟಿನಿಂದಲೇ ಬಂದ ಒಂದು ಅನುಕೂಲವುಂಟು. ಅದನ್ನು ಬರೆದ ಕೈ ಒಂದೇ, ವರ್ಣದ್ರವ್ಯ ಒಂದೇ, ಕುಂಚದ ಓಟವೂ ಒಂದೇ. ಹಸುರು ಬಟ್ಟೆಯ ಮೇಲೆ ಬಿದ್ದ ಕೆಂಪು ಹಣ್ಣಿನ ನೆರಳು ಎರಡನ್ನೂ ಒಂದೇ ಬೆಳಕಿನಲ್ಲಿ ಸೇರಿಸುತ್ತದೆ. ನೋಡುವ ಕಣ್ಣು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸಾಗುವಾಗ ಅದಕ್ಕೆ ಕಾಲಿಡಲು ಮೆಟ್ಟಿಲುಗಳಿರುತ್ತವೆ. ಕೊಲಾಜಿನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಬರುವ ಪ್ರತಿಯೊಂದು ತುಣುಕೂ ತನ್ನ ಹಿಂದಿನ ಮನೆಯ ಬೆಳಕನ್ನೂ ಅಳತೆಯನ್ನೂ ಹೊತ್ತುಕೊಂಡೇ ಬರುತ್ತದೆ. ಪತ್ರಿಕೆಯೊಂದರಿಂದ ಕತ್ತರಿಸಿದ ಮುಖಕ್ಕೂ ಅದರ ಪಕ್ಕದಲ್ಲಿ ಅಂಟಿಸಿದ ಯಂತ್ರದ ಚಕ್ರಕ್ಕೂ ಯಾವ ನಂಟೂ ಇರುವುದಿಲ್ಲ. ಇವೆರಡರ ನಡುವೆ ಇರುವುದು ಕತ್ತರಿ ಮಾಡಿದ ಗಾಯವೊಂದೇ.

ಹೀಗಿರುವಲ್ಲಿ ಕೆಲವು ಕೊಲಾಜುಗಳು ನಮ್ಮ ದೃಷ್ಟಿಯನ್ನು ಸಾವಧಾನವಾಗಿ ನಡೆಸಿಕೊಂಡು ಹೋಗುವುದೇಕೆ? ಇನ್ನು ಕೆಲವು ತುಣುಕುಗಳ ರಾಶಿಯಾಗಿಯೇ ಉಳಿದುಬಿಡುವುದೇಕೆ? ಪ್ರಕೃತ ಲೇಖನದ ಉದ್ದೇಶ ಈ ಪ್ರಶ್ನೆಯನ್ನು ವಿಚಾರಿಸುವುದು. ನಮ್ಮ ಪ್ರತಿಪಾದನೆಯನ್ನು ಮೊದಲೇ ಹೇಳಿಬಿಡಬಹುದು: ಕೊಲಾಜಿನಲ್ಲಿ ಲಯವು ತುಣುಕುಗಳ ಒಳಗಿರುವ ಗುಣವಲ್ಲ, ಅದು ತುಣುಕುಗಳ ಅಂಚುಗಳಲ್ಲಿಯೂ ಅವುಗಳ ನಡುವಣ ತೆರಪುಗಳಲ್ಲಿಯೂ ಹುಟ್ಟತಕ್ಕದ್ದು. ಈ ಮಾತು ಬರಿಯ ಕುಶಲತೆಗೆ ಸಂಬಂಧಿಸಿದುದಲ್ಲ. ಒಂದಕ್ಕೊಂದು ಸೇರದವುಗಳನ್ನು ಅವುಗಳ ಅನ್ಯತೆಯನ್ನು ಅಳಿಸದೆ ಒಂದುಗೂಡಿಸಲು ಸಾಧ್ಯವೇ ಎಂಬುದು ಈ ಕಲೆಯ ಮೂಲಪ್ರಶ್ನೆ. ಲಯದ ವಿಚಾರ ಆ ಪ್ರಶ್ನೆಗೆ ದೊರೆಯುವ ಉತ್ತರದ ಒಂದು ಮುಖ್ಯ ಭಾಗ.

೨. ಕಣ್ಣು ಹರಿಯುವುದೇ?

ಚಿತ್ರಕಲೆಯ ಪಾಠಗಳಲ್ಲಿ ‘ಕಣ್ಣು ಈ ರೇಖೆಯ ಮೇಲೆ ಹರಿದು ಆ ಮೂಲೆಗೆ ಹೋಗುತ್ತದೆ’ ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಕೊಲಾಜಿನ ಗತಿಯನ್ನು ಅರಿಯಬೇಕಾದರೆ ಈ ಮಾತನ್ನು ಮೊದಲು ಪರೀಕ್ಷಿಸಬೇಕಾಗುತ್ತದೆ. ನಿಶ್ಚಲವಾದ ಚಿತ್ರವನ್ನು ನೋಡುವ ಕಣ್ಣು ನೀರಿನಂತೆ ಹರಿಯುವುದಿಲ್ಲ. ಅದು ಒಂದು ಬಿಂದುವಿನಲ್ಲಿ ಕ್ಷಣಕಾಲ ನಿಂತು, ಅಲ್ಲಿಂದ ಥಟ್ಟನೆ ನೆಗೆದು ಇನ್ನೊಂದು ಬಿಂದುವಿನಲ್ಲಿ ನಿಲ್ಲುತ್ತದೆ. ಒಂದು ಸೆಕೆಂಡಿಗೆ ಸುಮಾರು ೩ ಸಲ ಹೀಗೆ ನಿಲುಗಡೆಯಾಗುತ್ತದೆ. ನೆಗೆತದ ಹೊತ್ತಿನಲ್ಲಿ ಕಣ್ಣು ಸ್ಪಷ್ಟವಾಗಿ ಏನನ್ನೂ ಗ್ರಹಿಸುವುದಿಲ್ಲ, ಗ್ರಹಣವೆಲ್ಲ ನಿಲುಗಡೆಯಲ್ಲಿಯೇ.

ಚಿತ್ರಗಳನ್ನು ನೋಡುವವರ ಕಣ್ಣಿನ ಚಲನೆಯನ್ನು ದಾಖಲಿಸಿ ಅಮೆರಿಕದ ಗೈ ಬಸ್ವೆಲ್ ಅವರು ೧೯೩೫ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅನಂತರ ಸೋವಿಯತ್ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಅವರ ಗ್ರಂಥ ರಷ್ಯನ್ ಭಾಷೆಯಲ್ಲಿ ೧೯೬೫ರಲ್ಲಿಯೂ ಇಂಗ್ಲಿಷಿನಲ್ಲಿ ೧೯೬೭ರಲ್ಲಿಯೂ ಹೊರಬಂದಿತು. ಇಲ್ಯಾ ರೇಪಿನ್ ಅವರ ಒಂದು ಪ್ರಸಿದ್ಧ ಚಿತ್ರವನ್ನು ಒಬ್ಬನೇ ಪ್ರೇಕ್ಷಕನ ಮುಂದಿಟ್ಟು ಯಾರ್ಬಸ್ ಅವರು ಪ್ರತಿಸಲವೂ ಬೇರೆ ಬೇರೆ ಪ್ರಶ್ನೆ ಕೇಳಿದರು. ಚಿತ್ರದೊಳಗಿನವರ ವಯಸ್ಸೆಷ್ಟೆಂದು ಕೇಳಿದಾಗ ಕಣ್ಣು ಹಿಡಿದ ಹಾದಿ ಬೇರೆ. ಅವರು ಧರಿಸಿದ ಬಟ್ಟೆಗಳನ್ನು ನೆನಪಿಡುವಂತೆ ಹೇಳಿದಾಗ ಹಿಡಿದ ಹಾದಿಯೇ ಬೇರೆ. ಚಿತ್ರಕಾರನು ಒಂದು ದಾರಿಯನ್ನು ಹಾಕಿಕೊಟ್ಟರೆ ಎಲ್ಲರ ಕಣ್ಣೂ ಅದರಲ್ಲಿಯೇ ನಡೆಯುತ್ತದೆ ಎಂಬ ನಂಬಿಕೆಗೆ ಇದರಿಂದ ಪೆಟ್ಟು ಬೀಳುತ್ತದೆ.

ಹಾಗಾದರೆ ದೃಷ್ಟಿಯ ಗತಿ ಎಂಬ ಮಾತೇ ಸುಳ್ಳೆ? ಹಾಗೆನ್ನುವಂತಿಲ್ಲ. ಹೊಳೆಯನ್ನು ದಾಟುವವನಿಗೆ ಕಲ್ಲುಗಳು ಹೇಗೋ, ಕಣ್ಣಿಗೆ ಚಿತ್ರದ ಅಂಗಗಳು ಹಾಗೆ. ದಾಟುವವನು ಯಾವ ಕಲ್ಲಿನಿಂದ ಹೊರಡುವನೆಂಬುದನ್ನು ಕಲ್ಲಿಟ್ಟವನು ಗೊತ್ತುಮಾಡಲಾರ. ಆದರೆ ಒಂದು ಕಲ್ಲಿಗೂ ಮುಂದಿನದಕ್ಕೂ ಎಷ್ಟು ದೂರವಿರಬೇಕು, ಯಾವುದು ಅಗಲವಾಗಿದ್ದು ನಿಲ್ಲಲು ಎಡೆಗೊಡಬೇಕು, ಯಾವುದು ಕಿರಿದಾಗಿದ್ದು ಬೇಗ ಮುಂದಕ್ಕೆ ನೂಕಬೇಕು ಎಂಬುದೆಲ್ಲ ಅವನ ಕೈಯಲ್ಲಿದೆ. ಗತಿಯೆಂದರೆ ಹೀಗೆ ವ್ಯವಸ್ಥೆಗೊಂಡ ನೆಗೆತಗಳ ಸಾಲು. ಲಯವೆಂದರೆ ಆ ನೆಗೆತಗಳ ಅಳತೆಯಲ್ಲಿ ನಾವು ಗುರುತಿಸುವ ಒಂದು ನಿಯಮ. ಈ ದೃಷ್ಟಿಯಿಂದ ನೋಡಿದರೆ ಕೊಲಾಜು ಕಣ್ಣಿನ ನಿಜವಾದ ನಡೆಗೆ ಬಹು ಸಮೀಪವಾದ ಕಲೆ. ಕಣ್ಣು ತುಣುಕು ತುಣುಕಾಗಿ ನೋಡುತ್ತದೆ. ಕೊಲಾಜು ತುಣುಕು ತುಣುಕಾಗಿಯೇ ಕಟ್ಟುತ್ತದೆ.

೩. ಅಂಚಿನ ಕಾರ್ಯ

ಪಿಕಾಸೊ ಅವರ ಚಿತ್ರವಾದ ಕೆಲವು ತಿಂಗಳುಗಳಲ್ಲಿ, ಅಂದರೆ ೧೯೧೨ರ ಸೆಪ್ಟೆಂಬರಿನಲ್ಲಿ, ಅವರ ಮಿತ್ರರಾದ ಜಾರ್ಜ್ ಬ್ರಾಕ್ ಅವರು ಫ್ರಾನ್ಸಿನ ದಕ್ಷಿಣ ಭಾಗದ ಸೋರ್ಗ್ ಎಂಬ ಊರಿನಲ್ಲಿದ್ದರು. ಸಮೀಪದ ಆವಿನ್ಯೋನ್ ಪಟ್ಟಣದ ಅಂಗಡಿಯೊಂದರಲ್ಲಿ ಅವರಿಗೆ ಓಕ್ ಮರದ ನಾರನ್ನು ಅನುಕರಿಸಿ ಅಚ್ಚುಮಾಡಿದ ಗೋಡೆಕಾಗದ ಕಣ್ಣಿಗೆ ಬಿತ್ತು. ಅದನ್ನು ಕೊಂಡು ತಂದು ಪಟ್ಟಿಗಳಾಗಿ ಕತ್ತರಿಸಿ, ಬಿಳಿಯ ಹಾಳೆಗೆ ಅಂಟಿಸಿ, ಇದ್ದಿಲಿನಿಂದ ಹಣ್ಣಿನ ತಟ್ಟೆ, ಗಾಜಿನ ಲೋಟಗಳನ್ನು ಬರೆದರು. ಕೇವಲ ಕಾಗದದಿಂದಾದ ಕೊಲಾಜುಗಳ ಪರಂಪರೆಗೆ ಈ ಚಿತ್ರವೇ ಮೊದಲೆಂದು ಗಣನೆಯಿದೆ.

ಈ ಚಿತ್ರದಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಕಂದುಬಣ್ಣದ ಪಟ್ಟಿಗಳ ಅಂಚೂ ಇದ್ದಿಲಿನ ಗೆರೆಗಳೂ ಒಂದರ ಮೇಲೊಂದು ಕೂಡುವುದಿಲ್ಲ. ಬಣ್ಣ ಒಂದು ಕಡೆ ನಿಲ್ಲುತ್ತದೆ. ಆಕಾರ ಇನ್ನೊಂದು ಕಡೆ ಮುಗಿಯುತ್ತದೆ. ಬಣ್ಣವನ್ನು ಆಕಾರದ ಹಂಗಿನಿಂದ ಬಿಡಿಸಲು ಅಂಟಿಸಿದ ಕಾಗದವೇ ತಮಗೆ ದಾರಿ ತೋರಿಸಿತೆಂಬುದು ಬ್ರಾಕ್ ಅವರ ಅಭಿಪ್ರಾಯವಾಗಿತ್ತು. ಲಯದ ದೃಷ್ಟಿಯಿಂದ ಇದರ ಪರಿಣಾಮವೇನು? ಚಿತ್ರದಲ್ಲಿ ಎರಡು ನಡೆಗಳು ಏಕಕಾಲದಲ್ಲಿ ಸಾಗುತ್ತವೆ: ಪಟ್ಟಿಗಳದು ನಿಧಾನವಾದ ಹೆಜ್ಜೆ, ಗೆರೆಗಳದು ಬೇಗನೆಯ ಹೆಜ್ಜೆ. ವಿಲಂಬದಲ್ಲಿ ನಡೆಯುವ ತಾಳದ ಮೇಲೆ ಗಾಯಕನು ದ್ರುತವಾದ ಸಂಚಾರ ಮಾಡಿದಂತೆ, ಇವೆರಡೂ ಅಲ್ಲಲ್ಲಿ ಕೂಡಿ ಅಲ್ಲಲ್ಲಿ ಅಗಲುತ್ತವೆ.

ತುಂಡಾದ ಗೆರೆಯೊಂದು ಬೇರೆ ಕಾಗದದ ಮೇಲೆ ಮುಂದುವರಿದರೆ ಅದನ್ನು ನಾವು ಒಂದೇ ಗೆರೆಯೆಂದು ಕಾಣುವುದೇಕೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ವಿವರಣೆಯುಂಟು. ಜರ್ಮನಿಯ ಮಾಕ್ಸ್ ವರ್ಟ್‌ಹೈಮರ್ ಅವರು ೧೯೨೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ನಮ್ಮ ದೃಷ್ಟಿಯು ಬಿಡಿ ಅಂಶಗಳನ್ನು ಯಾವ ಯಾವ ಆಧಾರದಿಂದ ಗುಂಪುಗೂಡಿಸುತ್ತದೆ ಎಂಬುದನ್ನು ನಿರೂಪಿಸಿದರು. ಹತ್ತಿರವಿರುವವು ಒಂದು ಗುಂಪಾಗಿ ಕಾಣುತ್ತವೆ. ಸದೃಶವಾದವು ಒಂದು ಗುಂಪಾಗಿ ಕಾಣುತ್ತವೆ. ಒಂದೇ ದಿಕ್ಕಿನಲ್ಲಿ ಸರಾಗವಾಗಿ ಮುಂದುವರಿಯುವ ಗೆರೆಗಳು ನಡುವೆ ಕಡಿದಿದ್ದರೂ ಒಂದೆಂದೇ ತೋರುತ್ತವೆ. ಕೊಲಾಜ್ ಕಲಾವಿದನು ಅರಿತೋ ಅರಿಯದೆಯೋ ಬಳಸಿಕೊಳ್ಳುವುದು ಈ ಗುಣಗಳನ್ನೇ. ಒಂದು ಛಾಯಾಚಿತ್ರದಲ್ಲಿ ಚಾಚಿದ ತೋಳಿನ ಓರೆಯು ಪಕ್ಕದ ಕಾಗದದ ಹರಿದ ಅಂಚಿನ ಓರೆಯೊಡನೆ ಕೂಡುವಂತೆ ಇಟ್ಟರೆ, ಆ ತೋಳು ಕಾಗದದ ಕೊನೆಯಲ್ಲಿ ಮುಗಿಯುವುದಿಲ್ಲ. ಅದರ ಚಲನೆ ಅಂಚಿನ ಮೇಲೆ ಹಾಯ್ದು ಮುಂದೆ ಹೋಗುತ್ತದೆ. ವಸ್ತುಗಳು ಬೇರೆಯಾದರೂ ದಿಕ್ಕು ಒಂದಾಯಿತು.

ಅಂಚಿಗೆ ತನ್ನದೇ ವೇಗವೂ ಉಂಟು. ಕತ್ತರಿಯಿಂದ ನೇರವಾಗಿ ಕತ್ತರಿಸಿದ ಅಂಚು ಕಣ್ಣನ್ನು ತಡೆಯಿಲ್ಲದೆ ಸಾಗಿಸುತ್ತದೆ. ಕೈಯಿಂದ ಹರಿದ ಅಂಚಿನಲ್ಲಿ ಕಾಗದದ ಬಿಳಿಯ ನಾರು ಹೊರಬಿದ್ದು ಒಂದು ತೊಡಕಾದ ಮಂದಗತಿಯ ಗೆರೆ ಏರ್ಪಡುತ್ತದೆ. ಈ ಎರಡು ಬಗೆಯ ಅಂಚುಗಳನ್ನು ಎಲ್ಲೆಲ್ಲಿ ಬಳಸಬೇಕೆಂಬ ವಿವೇಚನೆಯಿಲ್ಲದೆ ಬೆರಸಿದರೆ ಚಿತ್ರದ ನಡೆ ಎಡವುತ್ತದೆ.

೪. ಆವರ್ತನ ಮತ್ತು ವ್ಯತ್ಯಾಸ

ಒಂದೇ ವಸ್ತುವನ್ನು ಮತ್ತೆ ಮತ್ತೆ ತಂದರೆ ಲಯ ಸಿದ್ಧಿಸುತ್ತದೆಂದು ತಿಳಿಯುವುದು ಸಾಮಾನ್ಯ. ಇದು ಅರ್ಧಸತ್ಯ. ಸಮವಾದ ಅಂತರದಲ್ಲಿ ಸಮವಾದ ಆಕಾರಗಳು ಬಂದರೆ ಅದು ಗೋಡೆಕಾಗದವಾಗುತ್ತದೆ, ಚಿತ್ರವಾಗುವುದಿಲ್ಲ. ಕನ್ನಡ ಛಂದಸ್ಸನ್ನು ಬಲ್ಲವರಿಗೆ ಇದನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. ಭಾಮಿನಿ ಷಟ್ಪದಿಯಲ್ಲಿ ೩ ಮತ್ತು ೪ ಮಾತ್ರೆಗಳ ಗಣಗಳು ಒಂದಾದಮೇಲೊಂದು ಬರುತ್ತವೆ. ೧, ೨, ೪, ೫ನೆಯ ಪಾದಗಳಲ್ಲಿ ೧೪ ಮಾತ್ರೆಗಳು. ೩ ಮತ್ತು ೬ನೆಯ ಪಾದಗಳಲ್ಲಾದರೋ ಅದೇ ನಡೆ ೨೧ ಮಾತ್ರೆಗಳವರೆಗೆ ಬೆಳೆದು ಕೊನೆಯಲ್ಲಿ ಒಂದು ಗುರುವಿನ ಮೇಲೆ ನಿಲ್ಲುತ್ತದೆ. ಕಿವಿಯು ಎರಡು ಪಾದಗಳಿಂದ ಒಂದು ನಿರೀಕ್ಷೆಯನ್ನು ಕಟ್ಟಿಕೊಳ್ಳುತ್ತದೆ. ಮೂರನೆಯ ಪಾದವು ಆ ನಿರೀಕ್ಷೆಯನ್ನು ಮೀರಿ ಬೆಳೆದು ಆಮೇಲೆ ತಂಗುತ್ತದೆ. ಲಯವಿರುವುದು ಆವರ್ತನದಲ್ಲಿ ಮಾತ್ರವಲ್ಲ, ಆವರ್ತನವು ಹುಟ್ಟಿಸಿದ ನಿರೀಕ್ಷೆಯನ್ನು ಹದವರಿತು ಮೀರುವುದರಲ್ಲಿ.

ಬರ್ಲಿನ್ನಿನ ದಾದಾ ಪಂಥದ ಕಲಾವಿದೆ ಹನ್ನಾ ಹೋಖ್ ಅವರು ೧೯೧೯–೨೦ರಲ್ಲಿ ರಚಿಸಿದ ಒಂದು ದೊಡ್ಡ ಕೊಲಾಜು ಈ ತತ್ತ್ವಕ್ಕೆ ಒಳ್ಳೆಯ ನಿದರ್ಶನ. ಅಡುಗೆಮನೆಯ ಚಾಕುವನ್ನು ಹೆಸರಿಸುವ ಉದ್ದವಾದ ಶೀರ್ಷಿಕೆಯುಳ್ಳ ಈ ಕೃತಿ ೧೯೨೦ರಲ್ಲಿ ಬರ್ಲಿನ್ನಿನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ದಾದಾ ಪ್ರದರ್ಶನದಲ್ಲಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಸೋತು, ರಾಜಪ್ರಭುತ್ವವನ್ನು ಕಳೆದುಕೊಂಡು, ಗೊಂದಲದಲ್ಲಿದ್ದ ಜರ್ಮನಿಯ ಪತ್ರಿಕೆಗಳಿಂದ ಕತ್ತರಿಸಿದ ರಾಜಕಾರಣಿಗಳು, ಸೈನಿಕರು, ನಟಿಯರು, ಜನಜಂಗುಳಿ, ಯಂತ್ರಭಾಗಗಳು ಅದರಲ್ಲಿ ತುಂಬಿವೆ. ಮೊದಲ ನೋಟಕ್ಕೆ ಅದು ಅಸ್ತವ್ಯಸ್ತವೆನ್ನಿಸುತ್ತದೆ. ಆದರೆ ತುಸು ಹೊತ್ತು ನಿಂತು ನೋಡಿದವರಿಗೆ ಚಕ್ರಗಳೂ ವರ್ತುಲಾಕಾರದ ಯಂತ್ರಭಾಗಗಳೂ ಫಲಕದ ಬೇರೆ ಬೇರೆ ಸ್ಥಾನಗಳಲ್ಲಿ ಮರಳಿ ಮರಳಿ ಬರುವುದು ತಿಳಿಯುತ್ತದೆ. ಪ್ರತಿಸಲವೂ ಅವುಗಳ ಗಾತ್ರ ಬೇರೆ, ಪಕ್ಕದಲ್ಲಿರುವ ವಸ್ತು ಬೇರೆ. ಕಣ್ಣು ಒಂದು ಚಕ್ರದಿಂದ ಇನ್ನೊಂದಕ್ಕೆ ನೆಗೆಯುತ್ತ, ದಾರಿಯಲ್ಲಿ ಮುಖಗಳನ್ನೂ ಅಕ್ಷರಗಳನ್ನೂ ಸಂಧಿಸುತ್ತದೆ. ನಡುವಿನಲ್ಲಿ ನರ್ತಕಿ ನಿಡ್ಡಿ ಇಂಪೆಕೋವನ್ ಅವರ ತಲೆಯಿಲ್ಲದ ಶರೀರವೂ, ಅದರ ಮೇಲುಗಡೆ ಕಲಾವಿದೆ ಕೇಥೆ ಕೋಲ್ವಿಟ್ಸ್ ಅವರ ಶಿರಸ್ಸೂ ತೇಲುತ್ತವೆ. ಕೆಳಗಡೆ ಬಲಮೂಲೆಯಲ್ಲಿ, ಹೆಂಗಸರಿಗೆ ಮತದಾನದ ಹಕ್ಕು ದೊರೆತಿದ್ದ ಯೂರೋಪಿನ ದೇಶಗಳನ್ನು ತೋರಿಸುವ ಸಣ್ಣ ನಕಾಶೆಯಿದೆ.

ಇಲ್ಲಿ ಲಯವು ಅಲಂಕಾರಕ್ಕಾಗಿ ಬಂದುದಲ್ಲ. ಒಡೆದುಹೋದ ಸಮಾಜವೊಂದನ್ನು ಒಡೆದುಹೋದಂತೆಯೇ ತೋರಿಸಬೇಕು. ಆದರೆ ನೋಡುವವನು ಬೇಸತ್ತು ಮುಖ ತಿರುಗಿಸದೆ ಕಡೆಯತನಕ ನೋಡಬೇಕು. ಈ ಎರಡು ಪ್ರಯೋಜನಗಳನ್ನು ಒಟ್ಟಿಗೆ ಸಾಧಿಸಿದ್ದು ಚಕ್ರಗಳ ಆವರ್ತನ.

೫. ತೆರಪಿನ ಮಹತ್ತ್ವ

ಅಂಚು ದಿಕ್ಕನ್ನು ಕೊಡುತ್ತದೆ, ಆವರ್ತನ ನಿರೀಕ್ಷೆಯನ್ನು ಕೊಡುತ್ತದೆ. ಇವೆರಡಕ್ಕೂ ಉಸಿರು ಬರುವುದು ತೆರಪಿನಿಂದ. ತೆರಪೆಂದರೆ ಏನೂ ಇಲ್ಲದ ಜಾಗವೆಂದು ಭಾವಿಸಿ ಅದನ್ನು ತುಂಬಿಬಿಡುವುದು ಹೊಸದಾಗಿ ಈ ಕಲೆಗೆ ಕೈಹಾಕಿದವರಲ್ಲಿ ಕಾಣುವ ಪ್ರವೃತ್ತಿ. ದಿಟವಾಗಿ ನೋಡಿದರೆ ತೆರಪೂ ಒಂದು ತುಣುಕೇ. ಅದಕ್ಕೂ ಆಕಾರವುಂಟು, ಗಾತ್ರವುಂಟು, ಕಾಲವುಂಟು.

ಆನ್ರಿ ಮಾತೀಸ್ ಅವರ ಕೊನೆಯ ವರ್ಷಗಳ ಕೃತಿಗಳಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ೧೯೪೧ರಲ್ಲಿ ಉದರದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದಮೇಲೆ ಅವರು ಬಹುಮಟ್ಟಿಗೆ ಹಾಸಿಗೆಯನ್ನೂ ಗಾಲಿಕುರ್ಚಿಯನ್ನೂ ಅವಲಂಬಿಸಬೇಕಾಯಿತು. ಸಹಾಯಕರು ಹಾಳೆಗಳಿಗೆ ನೀರಿನಲ್ಲಿ ಕಲಸಿದ ದಟ್ಟವಾದ ಬಣ್ಣವನ್ನು ಬಳಿದು ಕೊಡುವರು; ಮಾತೀಸ್ ಅವರು ಕತ್ತರಿಯಿಂದ ನೇರವಾಗಿ ಆಕಾರಗಳನ್ನು ಕತ್ತರಿಸುವರು; ಆ ಆಕಾರಗಳನ್ನು ಗುಂಡುಸೂಜಿಗಳಿಂದ ಗೋಡೆಗೆ ಚುಚ್ಚಿ, ಅವರು ಹೇಳಿದಂತೆ ಸ್ಥಾನ ಬದಲಾಯಿಸಿ, ಒಪ್ಪಿಗೆಯಾದಮೇಲೆ ಮಾತ್ರ ಅಂಟಿಸುವುದು ಕ್ರಮ. ೧೯೪೭ರಲ್ಲಿ ಹೊರಬಂದ ‘ಜಾಝ್’ ಎಂಬ ಪುಸ್ತಕದ ೨೦ ಚಿತ್ರಗಳಿಗೆ ಇಂಥ ಕಾಗದದ ಆಕೃತಿಗಳೇ ಮೂಲ.

೧೯೫೩ರ ‘ಬಸವನಹುಳು’ ಎಂಬ ಅವರ ಕೃತಿ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ. ಅದು ಪ್ರತಿಯೊಂದು ಬದಿಯೂ ಸುಮಾರು ೨.೮೭ ಮೀಟರಿನಷ್ಟಿರುವ ಚೌಕಾಕಾರದ ಕೊಲಾಜು. ಕಿತ್ತಳೆ ಬಣ್ಣದ ಅಂಚಿನೊಳಗೆ, ಬಿಳಿಯ ನೆಲದ ಮೇಲೆ, ಒರಟಾಗಿ ಚತುರ್ಭುಜವೆನ್ನಬಹುದಾದ ಬಣ್ಣದ ಹಾಳೆಗಳು ಸುರುಳಿಯ ಕ್ರಮದಲ್ಲಿ ನಿಂತಿವೆ. ಹುಳುವಿನ ಚಿಪ್ಪಿನ ಗೆರೆಯನ್ನು ಇಲ್ಲಿ ಎಲ್ಲಿಯೂ ಎಳೆದಿಲ್ಲ. ಸುರುಳಿಯೆಂಬುದು ತುಣುಕುಗಳ ನಡುವಣ ಸಂಬಂಧದಿಂದ ಮಾತ್ರ ತಿಳಿಯತಕ್ಕದ್ದು. ಕೆಲವು ಹಾಳೆಗಳು ಒಂದನ್ನೊಂದು ಮುಟ್ಟುತ್ತವೆ, ಕೆಲವು ಒಂದರ ಮೇಲೊಂದು ಒರಗುತ್ತವೆ, ಕೆಲವುಗಳ ನಡುವೆ ಬಿಳಿಯ ನೆಲ ಇಣುಕುತ್ತದೆ. ಕೆಂಪಿಗೆ ಹಸುರು, ಕಿತ್ತಳೆಗೆ ನೀಲಿ, ಹಳದಿಗೆ ನೇರಳೆ ಎಂಬಂತೆ ಪರಸ್ಪರ ಪೂರಕವಾದ ಬಣ್ಣಗಳನ್ನು ಸೇರಿಸಿರುವುದರಿಂದ ಪ್ರತಿಯೊಂದು ಸಂಧಿಯಲ್ಲಿಯೂ ಒಂದು ಸಣ್ಣ ಪುಟಿತವಿದೆ. ಹಾಳೆಗಳು ಒಂದೊಂದೂ ಒಂದೊಂದು ಓರೆಯಲ್ಲಿ ವಾಲಿರುವುದರಿಂದ ಕಣ್ಣು ಒಂದರ ಓರೆಯನ್ನು ಹಿಡಿದು ಮುಂದಿನದಕ್ಕೆ ಹೊರಳುತ್ತದೆ. ನೇರವಾಗಿ ನಿಲ್ಲಿಸಿದ್ದರೆ ಸುರುಳಿ ಸತ್ತುಹೋಗುತ್ತಿತ್ತು.

ತೆರಪನ್ನು ಸಂಗೀತದಿಂದಲೇ ಕಲಿತ ಕಲಾವಿದರೊಬ್ಬರು ಅಮೆರಿಕದಲ್ಲಿದ್ದರು. ಅವರು ಆಫ್ರಿಕನ್ ಮೂಲದ ರೋಮೇರ್ ಬೇರ್ಡನ್ (೧೯೧೧–೧೯೮೮). ಹಿರಿಯ ಚಿತ್ರಕಾರ ಸ್ಟುವರ್ಟ್ ಡೇವಿಸ್ ಅವರು ಅರ್ಲ್ ಹೈನ್ಸ್ ಅವರ ಜಾಝ್ ಪಿಯಾನೋ ವಾದನವನ್ನು ಆಲಿಸುವಂತೆಯೂ, ಅದರಲ್ಲಿ ಸ್ವರಗಳಿಗಿಂತ ಸ್ವರಗಳ ನಡುವಣ ಮೌನವನ್ನು ಗಮನಿಸುವಂತೆಯೂ ಬೇರ್ಡನ್ ಅವರಿಗೆ ಸಲಹೆ ನೀಡಿದ್ದರು. ೧೯೬೪ರಿಂದ ಕೊಲಾಜನ್ನೇ ತಮ್ಮ ಮುಖ್ಯ ಮಾರ್ಗವನ್ನಾಗಿ ಮಾಡಿಕೊಂಡ ಬೇರ್ಡನ್ ಅವರು ತಮ್ಮ ಕ್ರಮವನ್ನು ೧೯೬೯ರ ಒಂದು ಲೇಖನದಲ್ಲಿ ವಿವರಿಸಿದ್ದಾರೆ: ಮೊದಲು ಬಣ್ಣದ ಕೆಲವು ಆಯತಗಳನ್ನು ಫಲಕದ ಮೇಲೆ ಇಡುವುದು, ಅವುಗಳಲ್ಲಿ ಕೆಲವು ಫಲಕದ ಉದ್ದಗಲಗಳ ಪ್ರಮಾಣವನ್ನೇ ಹೊಂದಿರುವುದು. ತಾಳವನ್ನು ಮೊದಲು ಹಾಕಿಕೊಂಡು ಆಮೇಲೆ ಹಾಡಿದಂತೆ ಇದು. ಮುಖ, ಕೈ, ಕಿಟಕಿ, ಇಟ್ಟಿಗೆ ಎಲ್ಲವೂ ಅನಂತರ ಬರತಕ್ಕವು.

೧೯೭೧ರಲ್ಲಿ ಅವರು ರಚಿಸಿದ ‘ದಿ ಬ್ಲಾಕ್’ ಎಂಬ ಕೃತಿ ೬ ಫಲಕಗಳುಳ್ಳದ್ದು. ೪ ಅಡಿ ಎತ್ತರ, ೧೮ ಅಡಿ ಉದ್ದ. ನ್ಯೂಯಾರ್ಕಿನ ಹಾರ್ಲೆಮ್ ಭಾಗದ ಒಂದು ಬೀದಿಸಾಲು ಅದರ ವಸ್ತು. ಕಿಟಕಿಗಳೂ ಬಾಗಿಲುಗಳೂ ಸಾಲಾಗಿ ಬರುತ್ತವೆ. ಕೆಲವು ಮುಚ್ಚಿವೆ, ಕೆಲವು ತೆರೆದು ಒಳಗಿನ ಬಾಳನ್ನು ತೋರಿಸುತ್ತವೆ. ಇಟ್ಟಿಗೆಯ ಗೋಡೆಯ ಸಮತಲವು ನಡುನಡುವೆ ಕಣ್ಣಿಗೆ ವಿಶ್ರಾಂತಿಯನ್ನು ಕೊಡದೆ ಹೋಗಿದ್ದರೆ, ಅಷ್ಟು ಉದ್ದದ ಬೀದಿಯಲ್ಲಿ ನಾವು ಕಡೆಯವರೆಗೆ ನಡೆಯಲಾರೆವು. ಒಂದೊಂದು ಕಿಟಕಿಯೊಳಗೆ ಒಂದೊಂದು ಸಂಸಾರ. ಅವುಗಳಲ್ಲಿ ಯಾವುದೊಂದೂ ಇನ್ನೊಂದರಲ್ಲಿ ಕರಗಿಹೋಗಿಲ್ಲ, ಆದರೂ ಬೀದಿ ಒಂದೇ ಆಗಿದೆ. ನೆರೆಹೊರೆಯೆಂಬ ಭಾವವನ್ನು ಇಲ್ಲಿ ಹೇಳಿದ್ದು ಮುಖಗಳಲ್ಲ. ಮುಖಗಳನ್ನು ಅಗಲಿಸಿಯೂ ಕೂಡಿಸಿಯೂ ಇರುವ ಗೋಡೆಗಳು.

೬. ಒಂದು ಆಕ್ಷೇಪ

ಇಷ್ಟೆಲ್ಲ ಲೆಕ್ಕಾಚಾರವೇಕೆ, ತುಣುಕುಗಳನ್ನು ಚೆಲ್ಲಿ ಬಿದ್ದಂತೆ ಅಂಟಿಸಿದರೂ ಲಯ ತಾನಾಗಿ ಬರುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಈ ಆಕ್ಷೇಪಕ್ಕೆ ಹಾನ್ಸ್ ಆರ್ಪ್ ಅವರ ಹೆಸರು ಆಧಾರವಾಗಿ ಬರುವುದುಂಟು. ಜ್ಯೂರಿಕ್ ನಗರದಲ್ಲಿದ್ದ ಆರ್ಪ್ ಅವರು ಹಾಳೆಗಳನ್ನು ಹರಿದು ಕೆಳಕ್ಕೆ ಬಿಟ್ಟು, ಬಿದ್ದ ಕ್ರಮವನ್ನೇ ಒಪ್ಪಿಕೊಂಡರೆಂದು ಪ್ರತೀತಿ. ೧೯೧೬–೧೭ರ ಅವರ ಒಂದು ಕೊಲಾಜಿನ ಹೆಸರೂ ಆಕಸ್ಮಿಕದ ನಿಯಮಗಳಿಗನುಸಾರವಾಗಿ ಜೋಡಿಸಿದ ಚೌಕಗಳು ಎಂಬ ಅರ್ಥವನ್ನು ಕೊಡುತ್ತದೆ.

ಆದರೆ ಆ ಚಿತ್ರವನ್ನು ನೋಡಿದವರಿಗೆ ಬೇರೊಂದು ಸಂಗತಿ ತೋರುತ್ತದೆ. ಅದರಲ್ಲಿನ ಹರಿದ ಚೌಕಗಳು ಒಂದರ ಮೇಲೊಂದು ಬಿದ್ದಿಲ್ಲ. ಅವು ಸ್ವಲ್ಪ ಸ್ವಲ್ಪ ಓರೆಯಾದರೂ ಹೆಚ್ಚುಕಡಿಮೆ ಹಾಳೆಯ ಬದಿಗಳನ್ನು ಅನುಸರಿಸಿಯೇ ನಿಂತಿವೆ. ಎತ್ತರದಿಂದ ಬಿಟ್ಟ ಕಾಗದಗಳು ಇಷ್ಟು ಸಭ್ಯವಾಗಿ ಕೂಡುವುದು ದುರ್ಲಭ. ಆಕಸ್ಮಿಕವು ಕಲಾವಿದನಿಗೆ ಅನಿರೀಕ್ಷಿತವಾದ ಸ್ಥಾನಗಳನ್ನು ಸೂಚಿಸಿತು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಸರಿಸಬೇಕು ಎಂಬುದನ್ನು ಅವನ ಕಣ್ಣು ನಿರ್ಧರಿಸಿತು ಎನ್ನುವುದೇ ಯುಕ್ತವಾಗಿ ತೋರುತ್ತದೆ. ಆಕಸ್ಮಿಕವು ಅಭ್ಯಾಸಬಲದ ಜಡತೆಯನ್ನು ಮುರಿಯಬಲ್ಲುದು, ಲಯವನ್ನು ಕಟ್ಟಲಾರದು.

೭. ಕೈ ಬಲ್ಲ ಲಯ

ಲಯವು ಅಂಚಿನಲ್ಲಿಯೂ ತೆರಪಿನಲ್ಲಿಯೂ ಇರುವುದೆಂಬ ನಮ್ಮ ಮಾತಿಗೆ ಅತ್ಯಂತ ಬಲವಾದ ಸಾಕ್ಷ್ಯ ನಮ್ಮ ದೇಶದಲ್ಲಿಯೇ ಇದೆ. ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ ಬೋಸರ ಶಿಷ್ಯರಾಗಿ, ಮುಂದೆ ಅಲ್ಲಿಯೇ ಅಧ್ಯಾಪಕರಾಗಿದ್ದ ಬಿನೋದ್ ಬಿಹಾರಿ ಮುಖರ್ಜಿಯವರಿಗೆ (೧೯೦೪–೧೯೮೦) ಹುಟ್ಟಿನಿಂದಲೇ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದರ ದೃಷ್ಟಿಯೂ ಮಂದವಾಗಿತ್ತು. ೧೯೪೬–೪೭ರಲ್ಲಿ ಅವರು ಅಲ್ಲಿಯ ಹಿಂದೀ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಜೀವನವನ್ನು ಕುರಿತ ಮಹಾಭಿತ್ತಿಚಿತ್ರವನ್ನು ರಚಿಸಿದರು. ೧೯೫೦ರ ದಶಕದ ಉತ್ತರಾರ್ಧದಲ್ಲಿ ನಡೆದ ಶಸ್ತ್ರಚಿಕಿತ್ಸೆ ಫಲಿಸದೆ ಉಳಿದಿದ್ದ ದೃಷ್ಟಿಯೂ ಹೋಯಿತು.

ಚಿತ್ರಕಾರನೊಬ್ಬನ ಬಾಳು ಇಲ್ಲಿಗೆ ಮುಗಿಯಿತೆಂದು ತಿಳಿಯುವುದು ಸಹಜ. ಮುಖರ್ಜಿಯವರು ಬಣ್ಣದ ಕಾಗದವನ್ನು ಕತ್ತರಿಸಿ, ಮಡಿಸಿ, ಅಂಟಿಸಿ ಚಿತ್ರಗಳನ್ನು ಮಾಡತೊಡಗಿದರು. ಕುಂಚದ ಗೆರೆಯನ್ನು ಬೆರಳು ಅರಿಯಲಾರದು. ಕತ್ತರಿಸಿದ ಕಾಗದದ ಅಂಚನ್ನು ಅರಿಯಬಲ್ಲುದು. ಒಂದು ಹಾಳೆ ಎಲ್ಲಿ ಮುಗಿಯುತ್ತದೆ, ಇನ್ನೊಂದು ಎಷ್ಟು ದೂರದಲ್ಲಿ ಮೊದಲಾಗುತ್ತದೆ, ಈ ಓರೆಗೂ ಆ ಓರೆಗೂ ಏನು ಸಂಬಂಧ ಎಂಬುದೆಲ್ಲ ಸ್ಪರ್ಶಕ್ಕೆ ಗೋಚರ. ಬಣ್ಣವನ್ನು ಮಾತ್ರ ಅವರು ನೆನಪಿನಿಂದಲೂ ಇತರರ ನೆರವಿನಿಂದಲೂ ತಿಳಿಯಬೇಕಾಗಿತ್ತು. ೧೯೭೨ರಲ್ಲಿ ಕಲಾಭವನದ ಗೋಡೆಗೆ ಅವರು ಮೆರುಗುಹಂಚಿನ ಭಿತ್ತಿಚಿತ್ರವೊಂದನ್ನು ರಚಿಸಿದಾಗ, ಇಂಥ ಕಾಗದದ ಆಕೃತಿಗಳ ಅನುಭವವೇ ಅದಕ್ಕೆ ಆಧಾರವಾಯಿತು. ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯ್ ಅವರು ಅದೇ ವರ್ಷ ತೆಗೆದ ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರದಲ್ಲಿ ಆ ಕೈಗಳ ಕೆಲಸವನ್ನು ಕಾಣಬಹುದು. ದೃಷ್ಟಿಯ ಗತಿಯನ್ನು ದೃಷ್ಟಿಯಿಲ್ಲದವರು ನಿರ್ಮಿಸಬಲ್ಲರೆಂದರೆ, ಅದು ಕಣ್ಣಿನ ಮೋಡಿಯಲ್ಲ, ಅಂಗಗಳ ನಡುವಣ ನಿಜವಾದ ಸಂಬಂಧ ಎಂದು ಸಿದ್ಧವಾಗುತ್ತದೆ.

ಬೆರಳಿನಿಂದ ಲಯವನ್ನು ಕಟ್ಟುವ ಇನ್ನೊಂದು ಪರಂಪರೆ ಕನ್ನಡನಾಡಿನಲ್ಲಿಯೂ ಇದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಜನಾಂಗದ ಹೆಂಗಸರು ಹಳೆಯ ಬಟ್ಟೆಗಳ ತುಂಡುಗಳಿಂದ ಹೊಲಿಯುವ ಕೌದಿಗಳಲ್ಲಿ ಕೆಲಸವು ಮೂಲೆಯಿಂದ ಆರಂಭವಾಗುತ್ತದೆ. ಅಂಚುಗಳನ್ನು ಅನುಸರಿಸಿ ಸುತ್ತಿ ಸುತ್ತಿ ಬಂದು ಕಡೆಗೆ ನಡುವಿನಲ್ಲಿ ಮುಗಿಯುತ್ತದೆ. ಬಟ್ಟೆಯ ತುಂಡುಗಳು ಯಾವ ಬಣ್ಣದವಾದರೂ, ಎಲ್ಲವನ್ನೂ ಹಾಯ್ದು ಹೋಗುವ ಎಳೆಹೊಲಿಗೆಯ ಸಾಲುಗಳು ಒಂದೇ ಸಮನಾದ ನಡೆಯನ್ನು ಕೊಡುತ್ತವೆ. ಮೂಲೆಗಳಲ್ಲಿ ಹೂವೆಂದು ಕರೆಯುವ ಸಣ್ಣ ಮಡಿಕೆಗಳನ್ನು ಸೇರಿಸಿದ ಹೊರತು ಕೌದಿ ಪೂರ್ಣವಾಗುವುದಿಲ್ಲ. ಈ ಕೌದಿಗೂ ಪ್ಯಾರಿಸ್ಸಿನ ಕಲಾವಿದರಿಗೂ ಯಾವ ಸಂಪರ್ಕವೂ ಇಲ್ಲ. ಆದರೆ ತೊಟ್ಟು ಸವೆದ ಸೀರೆ, ಅಂಗಿಗಳು ತಮ್ಮ ಗುರುತನ್ನು ಕಳೆದುಕೊಳ್ಳದೆಯೇ ಒಂದು ಹೊದಿಕೆಯಾಗಬೇಕೆಂಬಲ್ಲಿ, ಎರಡು ಕಡೆಯ ಕೈಗಳೂ ಎದುರಿಸಿದ ಪ್ರಶ್ನೆ ಒಂದೇ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಅಭ್ಯಾಸಿಗಳಿಗೆ ಉಪಯುಕ್ತವಾದ ಕೆಲವು ವಿಷಯಗಳು ದೊರೆಯುತ್ತವೆ. ತುಣುಕುಗಳನ್ನು ಆರಿಸಿದ ಕೂಡಲೆ ಅಂಟಿಸಬಾರದು. ಗುಂಡುಸೂಜಿಯಿಂದ ನಿಲ್ಲಿಸಿ, ಸ್ಥಾನ ಬದಲಿಸುವ ಸ್ವಾತಂತ್ರ್ಯವನ್ನು ಕಡೆಯವರೆಗೂ ಉಳಿಸಿಕೊಳ್ಳಬೇಕು. ಫಲಕವನ್ನು ತಲೆಕೆಳಗಾಗಿ ತಿರುಗ ನೋಡಿದರೆ ಮುಖ, ಅಕ್ಷರಗಳ ಅರ್ಥದ ಸೆಳೆತ ತಗ್ಗಿ ಅಂಚುಗಳ ದಿಕ್ಕೂ ತೆರಪುಗಳ ಅಳತೆಯೂ ಎದ್ದು ಕಾಣುತ್ತವೆ. ಒಂದು ತುಣುಕು ಬೇಕೇ ಬೇಡವೇ ಎಂಬ ಸಂದೇಹ ಬಂದಾಗ ಅದನ್ನು ತೆಗೆದು, ಉಳಿದ ತೆರಪನ್ನು ನೋಡಬೇಕು; ತೆರಪು ಅದಕ್ಕಿಂತ ಚೆನ್ನಾಗಿ ನುಡಿದರೆ ತುಣುಕಿಗೆ ಅಲ್ಲಿ ಸ್ಥಾನವಿಲ್ಲ. ಒಂದು ಆಕಾರವನ್ನು ಆವರ್ತಿಸುವಾಗ ಗಾತ್ರ, ಓರೆ, ನೆರೆ ಇವುಗಳಲ್ಲಿ ಒಂದನ್ನಾದರೂ ಬದಲಿಸಬೇಕು. ಮೂರನ್ನೂ ಬದಲಿಸಿದರೆ ಆವರ್ತನವೇ ಗುರುತು ಸಿಗದೆ ಹೋದೀತು.

ಇಂದು ಕತ್ತರಿ, ಅಂಟುಗಳಿಲ್ಲದೆಯೇ ಗಣಕಯಂತ್ರದ ಪರದೆಯ ಮೇಲೆ ಸಾವಿರ ಚಿತ್ರಗಳನ್ನು ಕ್ಷಣಮಾತ್ರದಲ್ಲಿ ಸೇರಿಸಬಹುದು. ಕತ್ತರಿಸಿದ ಗುರುತೇ ಕಾಣದಂತೆ ಅಂಚನ್ನು ಅಳಿಸಿಬಿಡಲೂಬಹುದು. ಅಂಚು ಅಳಿದ ಚಿತ್ರ ನುಣುಪಾಗುತ್ತದೆ, ನಿಜ. ಆದರೆ ಅದರೊಡನೆ, ಈ ವಸ್ತು ಎಲ್ಲಿಂದಲೋ ಬಂದದ್ದು, ಇಲ್ಲಿ ಯಾರೋ ಇದನ್ನು ತಂದು ನಿಲ್ಲಿಸಿದ್ದಾರೆ ಎಂಬ ಅರಿವೂ ಅಳಿಯುತ್ತದೆ. ಬ್ರಾಕ್ ಅವರ ಗೋಡೆಕಾಗದ ಗೋಡೆಕಾಗದವಾಗಿಯೇ ಉಳಿದು ಚಿತ್ರವಾಯಿತು; ಬೇರ್ಡನ್ ಅವರ ಬೀದಿಯಲ್ಲಿ ಪ್ರತಿ ಕಿಟಕಿಯೂ ಬೇರೆಯಾಗಿ ಉಳಿದು ಬೀದಿಯಾಯಿತು. ಬೇರೆತನವನ್ನು ಮುಚ್ಚಿ ಸಾಧಿಸುವ ಐಕ್ಯ ಒಂದು ಬಗೆ. ಬೇರೆತನಗಳ ನಡುವೆ ತಕ್ಕ ಅಂತರವನ್ನು ಕಂಡುಕೊಂಡು ಸಾಧಿಸುವ ಐಕ್ಯ ಇನ್ನೊಂದು ಬಗೆ. ಕೊಲಾಜಿನ ಲಯವೆಂದು ನಾವು ಕರೆಯುವುದು ಈ ಎರಡನೆಯದನ್ನು.